ತೂಗಿದ್ದಲ್ಲ, ಜೀಕಿದ್ದು

ಭೌತವಿಜ್ಞಾನದ ಪಾಠ ಕೇಳಿದವರು ಆ ಚಿತ್ರತುಣುಕನ್ನು ಒಮ್ಮೆಯಾದರೂ ನೋಡಿರುತ್ತಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮಾ ಜಲಸಂಧಿಯ ಮೇಲಿನ ತೂಗುಸೇತುವೆ, ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತಿದೆ. ಒಂದು ಅಂಚು ಮೇಲೆದ್ದಾಗ ಇನ್ನೊಂದು ಕೆಳಗಿಳಿಯುತ್ತದೆ. ನಡುವೆ ಸಿಕ್ಕಿಕೊಂಡ ಒಂಟಿ ಕಾರು ಆ ಕಡೆಗೂ ಈ ಕಡೆಗೂ ಜಾರುತ್ತದೆ. ಕೊನೆಗೆ ರಸ್ತೆಯ ಹಾಸು ತುಂಡಾಗಿ ನೀರಿಗೆ ಬೀಳುತ್ತದೆ. ಚಿತ್ರ ಮುಗಿದ ಮೇಲೆ ಮೇಷ್ಟರು ಹೇಳುವ ವಾಕ್ಯ ಎಲ್ಲ ಕಡೆಯೂ ಒಂದೇ: ಗಾಳಿಯ ಬಡಿತದ ಆವೃತ್ತಿಯೂ ಸೇತುವೆಯ ಸಹಜ ಆವೃತ್ತಿಯೂ ಹೊಂದಿಕೊಂಡವು, ಅನುರಣನ ಉಂಟಾಯಿತು, ಸೇತುವೆ ಬಿತ್ತು. ನಾನೂ ಹಾಗೆಯೇ ಕಲಿತೆ. ಕೆಲವು ವರ್ಷ ಹಾಗೆಯೇ ಕಲಿಸಿದೆ. ಆ ವಾಕ್ಯ ತಪ್ಪು. ಮಕ್ಕಳಿಗೆಂದು ಸುಲಭ ಮಾಡಿಕೊಂಡ ಸತ್ಯ ಎಂದು ಅದನ್ನು ಕಾಪಾಡಲೂ ಆಗದು. ಅದು ನಡೆದದ್ದಕ್ಕೆ ತದ್ವಿರುದ್ಧವಾದದ್ದನ್ನು ಹೇಳುತ್ತದೆ.

ಒಂದು ಸೇತುವೆಯ ಬಗ್ಗೆ ಒಂದು ತಪ್ಪು ವಾಕ್ಯ ಅಷ್ಟೇ ಆಗಿದ್ದರೆ ಅದಕ್ಕಾಗಿ ಲೇಖನಿ ಹಿಡಿಯಬೇಕಾಗಿರಲಿಲ್ಲ. ಅದರ ಅಡಿಯಲ್ಲಿ ಒಂದು ನಂಬಿಕೆ ಬೇರುಬಿಟ್ಟಿದೆ. ಯಾವುದಾದರೂ ವಸ್ತು ಲಯಬದ್ಧವಾಗಿ ಅಲುಗಿದರೆ ಆ ಲಯವನ್ನು ಹೊರಗಿನ ಯಾರೋ ಕೊಟ್ಟಿರಬೇಕು, ವಸ್ತುವಿನದು ಪಾಲಿಸುವ ಕೆಲಸ ಮಾತ್ರ ಎಂಬ ನಂಬಿಕೆ. ಹೊರಗಿನಿಂದ ಬಂದದ್ದರಲ್ಲಿ ಲಯವೇ ಇಲ್ಲವೆಂದರೆ ಅದು ಗದ್ದಲ. ಗದ್ದಲಕ್ಕೆ ಕೆಡಿಸುವುದು ಬಿಟ್ಟು ಬೇರೆ ಗೊತ್ತಿಲ್ಲ ಎಂಬುದು ಅದೇ ನಂಬಿಕೆಯ ಇನ್ನೊಂದು ಮುಖ. ನಮ್ಮ ಪಠ್ಯಪುಸ್ತಕಗಳು, ಜನಪ್ರಿಯ ವಿಜ್ಞಾನದ ಬರಹಗಳು, ಎಷ್ಟೋ ಎಂಜಿನಿಯರುಗಳ ಮೊದಲ ಊಹೆಗಳು ಇದರ ಮೇಲೆಯೇ ನಿಂತಿವೆ. ಸ್ಪ್ರಿಂಗಿಗೆ ಕಟ್ಟಿದ ತೂಕದ ರೇಖೀಯ ಸಮೀಕರಣಕ್ಕೆ ಇದು ಒಪ್ಪುತ್ತದೆ. ಸೇತುವೆಗೆ, ಪಿಟೀಲಿನ ತಂತಿಗೆ, ನರಕೋಶಕ್ಕೆ, ಭೂಮಿಯ ಹವಾಮಾನಕ್ಕೆ ಒಪ್ಪುವುದಿಲ್ಲ. ಇವೆಲ್ಲ ಅರೇಖೀಯ ವ್ಯವಸ್ಥೆಗಳು; ಇಲ್ಲಿ ಎರಡರಷ್ಟು ತಳ್ಳಿದರೆ ಎರಡರಷ್ಟೇ ಅಲುಗುತ್ತದೆಂಬ ಖಾತರಿ ಇಲ್ಲ.

ಮೊದಲು ಸೇತುವೆಯ ಲೆಕ್ಕವನ್ನೇ ನೋಡೋಣ. ಅದು ಸಂಚಾರಕ್ಕೆ ತೆರೆದದ್ದು 1940ರ ಜುಲೈ 1ರಂದು, ಬಿದ್ದದ್ದು ಅದೇ ವರ್ಷದ ನವೆಂಬರ್ 7ರಂದು. ಎರಡು ಗೋಪುರಗಳ ನಡುವಿನ ಅಂತರ 2800 ಅಡಿ. ರಸ್ತೆಯ ಅಗಲ ಬರೀ 39 ಅಡಿ. ಬದಿಗಳಲ್ಲಿ ಗಾಳಿ ತೂರದ ಹಾಗೆ ಎಂಟು ಅಡಿ ಎತ್ತರದ ಉಕ್ಕಿನ ತಟ್ಟೆಗಳನ್ನು ನಿಲ್ಲಿಸಿದ್ದರು. ಮೊದಲು ಕ್ಲಾರ್ಕ್ ಎಲ್ಡ್ರಿಜ್ ಎಂಬ ಎಂಜಿನಿಯರ್ 25 ಅಡಿ ಆಳದ ಜಾಲರಿ ತೊಲೆಗಳ ನಕ್ಷೆ ಕೊಟ್ಟಿದ್ದರು. ಹಣ ಉಳಿಸುವ, ನೋಟಕ್ಕೂ ತೆಳ್ಳಗಿರುವ ನಕ್ಷೆಯನ್ನು ಲಿಯಾನ್ ಮೊಯ್ಸೆಫ್ ಮುಂದಿಟ್ಟರು, ಕಟ್ಟಿದ್ದು ಅದನ್ನು. ಬಿದ್ದ ದಿನ ಬೆಳಿಗ್ಗೆ ಗಾಳಿಯ ವೇಗ ಗಂಟೆಗೆ ಸುಮಾರು 42 ಮೈಲಿ, ಅಂದರೆ 68 ಕಿಲೋಮೀಟರ್. ಬಿರುಸಾದ ಗಾಳಿ ನಿಜ, ಚಂಡಮಾರುತವೇನೂ ಆಗಿರಲಿಲ್ಲ. ಮುಖ್ಯವಾದ ಮಾತೆಂದರೆ ಅದು ಬಿಟ್ಟುಬಿಟ್ಟು ಬಡಿಯುತ್ತಿರಲಿಲ್ಲ, ಒಂದೇ ಸಮನೆ ಬೀಸುತ್ತಿತ್ತು. ಹಾಗಾದರೆ ಅನುರಣನಕ್ಕೆ ಬೇಕಾದ ಬಡಿತ ಎಲ್ಲಿಂದ ಬರಬೇಕು?

ಇದಕ್ಕೆ ಸಿದ್ಧವಾದ ಉತ್ತರವೊಂದಿದೆ. ಗಾಳಿ ಸಮನಾಗಿದ್ದರೂ ತಡೆಯೊಂದನ್ನು ದಾಟುವಾಗ ಹಿಂದುಗಡೆ ಸುಳಿಗಳು ಏಳುತ್ತವೆ, ಒಂದು ಮೇಲಿನಿಂದ, ಒಂದು ಕೆಳಗಿನಿಂದ, ಸರದಿಯಲ್ಲಿ. ಕಾರ್ಮನ್ ಸುಳಿಗಳೆಂದು ಅವಕ್ಕೆ ಹೆಸರು. ಆ ಸುಳಿಗಳ ಬಡಿತವೇ ಸೇತುವೆಯ ಲಯಕ್ಕೆ ಕೂಡಿಬಂತು ಎನ್ನುತ್ತಾರೆ. ಕೇಳಲು ಸೊಗಸಾಗಿದೆ, ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ. ಆ ವೇಗದ ಗಾಳಿಯಲ್ಲಿ ಎಂಟು ಅಡಿಯ ತಟ್ಟೆಯ ಹಿಂದೆ ಸುಳಿಗಳು ಸೆಕೆಂಡಿಗೆ ಸರಿಸುಮಾರು ಒಂದರಂತೆ ಕಳಚಿಕೊಳ್ಳುತ್ತವೆ, ನಿಮಿಷಕ್ಕೆ ಅರವತ್ತರ ಆಸುಪಾಸು. ಸೇತುವೆ ತಿರುಚಿಕೊಂಡದ್ದು ನಿಮಿಷಕ್ಕೆ ಹನ್ನೆರಡು ಸಲ. ಅರವತ್ತಕ್ಕೂ ಹನ್ನೆರಡಕ್ಕೂ ಹೊಂದಾಣಿಕೆ ಆಯಿತು ಎನ್ನುವುದು ಹೇಗೆ? ಯೂಸುಫ್ ಬಿಲ್ಲಾ ಮತ್ತು ರಾಬರ್ಟ್ ಸ್ಕ್ಯಾನ್ಲನ್ 1991ರಲ್ಲಿ ಅಮೆರಿಕದ ಭೌತವಿಜ್ಞಾನ ಅಧ್ಯಾಪಕರ ಪತ್ರಿಕೆಯಲ್ಲೇ ಈ ಲೆಕ್ಕವನ್ನು ಇಟ್ಟು, ಪಠ್ಯಪುಸ್ತಕಗಳು ತಪ್ಪು ಹೇಳುತ್ತಿವೆ ಎಂದು ನೇರವಾಗಿ ಬರೆದರು. ಮೂವತ್ತಕ್ಕೂ ಹೆಚ್ಚು ವರ್ಷ ಕಳೆದವು. ವಾಕ್ಯ ಇನ್ನೂ ಹಾಗೇ ಇದೆ.

ನಡೆದದ್ದು ಇದು. ಬೆಳಿಗ್ಗೆ ಸುಮಾರು ಹತ್ತು ಗಂಟೆಯವರೆಗೆ ಸೇತುವೆ ಮೇಲೆ ಕೆಳಗೆ ಅಲೆಯಾಡುತ್ತಿತ್ತು. ಆ ಬಗೆಯ ಅಲೆದಾಟ ಅದಕ್ಕೆ ಹುಟ್ಟಿನಿಂದ ಬಂದದ್ದು. ಜನ ಅದಕ್ಕೊಂದು ಅಡ್ಡಹೆಸರನ್ನೂ ಇಟ್ಟಿದ್ದರು. ಹತ್ತರ ಹೊತ್ತಿಗೆ ನಡುಭಾಗದಲ್ಲಿ ಹಗ್ಗವನ್ನು ಬಿಗಿಹಿಡಿದಿದ್ದ ಪಟ್ಟಿ ಜಾರಿತು. ಸೇತುವೆಯ ಹಾಸು ತಿರುಚಿಕೊಳ್ಳಲು ಅವಕಾಶ ಸಿಕ್ಕಿತು. ಒಮ್ಮೆ ಸ್ವಲ್ಪ ತಿರುಚಿದ ಕೂಡಲೇ ಗಾಳಿಗೆ ಅದು ಒಡ್ಡುವ ಕೋನ ಬದಲಾಯಿತು. ಕೋನ ಬದಲಾದದ್ದರಿಂದ ಗಾಳಿಯ ಒತ್ತಡ ಬದಲಾಯಿತು. ಬದಲಾದ ಒತ್ತಡ ಹಾಸನ್ನು ಅದು ಹೊರಟ ದಿಕ್ಕಿಗೇ ಇನ್ನಷ್ಟು ನೂಕಿತು. ಸಾಮಾನ್ಯವಾಗಿ ಗಾಳಿಯ ತಡೆ ಓಲಾಟದ ಶಕ್ತಿಯನ್ನು ಕಿತ್ತುಕೊಳ್ಳುತ್ತದೆ. ಇಲ್ಲಿ ಗಾಳಿ ಪ್ರತಿ ಸುತ್ತಿನಲ್ಲೂ ಶಕ್ತಿಯನ್ನು ಕೊಡುತ್ತ ಹೋಯಿತು. ಎಂಜಿನಿಯರುಗಳು ಇದನ್ನು ಋಣ ಡ್ಯಾಂಪಿಂಗ್ ಎನ್ನುತ್ತಾರೆ. ವಿಮಾನದ ರೆಕ್ಕೆಯ ವಿಷಯದಲ್ಲಿ ಫ್ಲಟರ್ ಎನ್ನುತ್ತಾರೆ. ಶಕ್ತಿ ಗಾಳಿಯದು. ಆದರೆ ಯಾವಾಗ ಎಷ್ಟು ಎಂಬ ಲಯವನ್ನು ನಿರ್ಧರಿಸಿದ್ದು ಸೇತುವೆಯ ಚಲನೆಯೇ.

ಅನುರಣನಕ್ಕೂ ಫ್ಲಟರಿಗೂ ಇರುವ ವ್ಯತ್ಯಾಸವನ್ನು ಮನಸ್ಸಿನಲ್ಲೇ ಪರೀಕ್ಷಿಸಬಹುದು. ಓಲಾಡುತ್ತಿರುವ ವಸ್ತುವನ್ನು ಬಿಗಿಯಾಗಿ ಹಿಡಿದು ನಿಲ್ಲಿಸಿ. ಅನುರಣನವಾಗಿದ್ದರೆ ಹೊರಗಿನ ಬಡಿತ ಆಗಲೂ ಬಡಿಯುತ್ತಲೇ ಇರುತ್ತದೆ. ನಿಮ್ಮ ಅಂಗೈಗೆ ಅದರ ಏಟು ತಾಗುತ್ತದೆ. ಫ್ಲಟರ್ ಆಗಿದ್ದರೆ ಹಿಡಿದ ಗಳಿಗೆಗೆ ಆ ಲಯದ ಬಲವೇ ಇಲ್ಲವಾಗುತ್ತದೆ, ಯಾಕೆಂದರೆ ಅದನ್ನು ಹುಟ್ಟಿಸುತ್ತಿದ್ದದ್ದು ಓಲಾಟವೇ. ಸೇತುವೆ ತನ್ನ ಸಹಜ ಆವೃತ್ತಿಗೆ ಹತ್ತಿರದಲ್ಲಿ ಅಲುಗಿತಲ್ಲ, ಅದನ್ನೂ ಒಂದು ಬಗೆಯ ಅನುರಣನ ಎನ್ನೋಣ ಎಂದು ಕೆಲವರು ರಾಜಿಗೆ ಬರುತ್ತಾರೆ. ಒಪ್ಪಲಾರೆ. ಗಂಟೆಯೂ ತನ್ನ ಸಹಜ ಆವೃತ್ತಿಯಲ್ಲೇ ನುಡಿಯುತ್ತದೆ, ಪಿಟೀಲಿನ ತಂತಿಯೂ ನುಡಿಯುತ್ತದೆ. ಎಲ್ಲಕ್ಕೂ ಒಂದೇ ಹೆಸರಿಟ್ಟರೆ ಆ ಹೆಸರು ಏನನ್ನೂ ವಿವರಿಸುವುದಿಲ್ಲ.

ಕನ್ನಡದಲ್ಲಿ ಇದಕ್ಕೆ ಎರಡು ಬೇರೆ ಬೇರೆ ಕ್ರಿಯಾಪದಗಳು ಇವೆ. ತೊಟ್ಟಿಲನ್ನು ತೂಗುತ್ತೇವೆ, ಜೋಕಾಲಿಯನ್ನು ಜೀಕುತ್ತೇವೆ. ತೂಗುವವಳು ತೊಟ್ಟಿಲ ಹೊರಗಿದ್ದಾಳೆ, ಜೀಕುವವಳು ಜೋಕಾಲಿಯ ಮೇಲಿದ್ದಾಳೆ. ಉತ್ತರ ಕರ್ನಾಟಕದ ಊರುಗಳಲ್ಲಿ ನಾಗರ ಪಂಚಮಿಗೆ ಮರಕ್ಕೆ ಹಗ್ಗ ಕಟ್ಟಿ, ಹೆಣ್ಣುಮಕ್ಕಳು ನಿಂತುಕೊಂಡೇ ಜೀಕುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೋಕಾಲಿ ತೀರ ಕೆಳಗೆ ಬಂದಾಗ ಮೊಳಕಾಲು ನೆಟ್ಟಗೆ ಮಾಡಿ ಎದ್ದು ನಿಲ್ಲುತ್ತಾರೆ, ತುದಿ ಮುಟ್ಟಿದಾಗ ಕುಗ್ಗುತ್ತಾರೆ. ಒಂದು ಪೂರ್ತಿ ಓಲಾಟದಲ್ಲಿ ಎರಡು ಸಲ ಏಳುವುದು, ಎರಡು ಸಲ ಕುಗ್ಗುವುದು. ಹಿಂದಿನಿಂದ ಯಾರೂ ತಳ್ಳುತ್ತಿಲ್ಲ. ಯಾವಾಗ ಏಳಬೇಕೆಂದು ಹೇಳುವುದು ಜೋಕಾಲಿಯ ಓಲಾಟವೇ. ಟಕೋಮಾದ ಸೇತುವೆಯನ್ನು ಗಾಳಿ ತೂಗಲಿಲ್ಲ. ಸೇತುವೆ ಗಾಳಿಯಲ್ಲಿ ಜೀಕಿತು.

ಪಠ್ಯಪುಸ್ತಕಕ್ಕೆ ಪ್ರಿಯವಾದ ಉದಾಹರಣೆಯೂ ಉಯ್ಯಾಲೆಯೇ, ಆದರೆ ಹಿಂದಿನಿಂದ ತಳ್ಳುವ ಉಯ್ಯಾಲೆ. ಸರಿಯಾದ ಆವೃತ್ತಿಯಲ್ಲಿ ತಳ್ಳಿದರೆ ಓಲಾಟ ಬೆಳೆಯುತ್ತದೆ ಎಂದು ಬರೆದಿರುತ್ತಾರೆ. ತಳ್ಳುವ ತಾಯಿಯನ್ನು ಗಮನವಿಟ್ಟು ನೋಡಿ. ಅವಳು ಗಡಿಯಾರ ನೋಡಿಕೊಂಡು ತಳ್ಳುವುದಿಲ್ಲ. ಉಯ್ಯಾಲೆ ತನ್ನತ್ತ ಬರುವವರೆಗೆ ಕಾಯುತ್ತಾಳೆ, ಬಂದು ನಿಂತು ಹಿಂದಿರುಗುವ ಕ್ಷಣಕ್ಕೆ ಕೈಯಿಡುತ್ತಾಳೆ. ಅವಳ ಬದಲು ಒಂದೇ ಗತಿಯ ಯಂತ್ರ ಇಟ್ಟರೆ ಏನಾಗುತ್ತದೆ? ಉಯ್ಯಾಲೆ ಎತ್ತರಕ್ಕೆ ಏರಿದಷ್ಟೂ ಅದರ ಒಂದು ಸುತ್ತಿನ ಕಾಲ ಹಿಗ್ಗುತ್ತದೆ. ಲೋಲಕವನ್ನು ನೆಟ್ಟಗೆ ಪಕ್ಕಕ್ಕೆ, 90 ಡಿಗ್ರಿಗೆ ಎಳೆದು ಬಿಟ್ಟರೆ ಸಣ್ಣ ಓಲಾಟಕ್ಕಿಂತ ಶೇಕಡಾ 18ರಷ್ಟು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಯಂತ್ರದ ಗತಿ ತಪ್ಪುತ್ತದೆ. ಕೊನೆಗೆ ಬರುತ್ತಿರುವ ಉಯ್ಯಾಲೆಗೆ ಎದುರೇಟು ಬೀಳುತ್ತದೆ. ಅರೇಖೀಯ ಆಂದೋಲಕದಲ್ಲಿ ಸಹಜ ಆವೃತ್ತಿ ಎಂಬ ಕಲ್ಲಿನಲ್ಲಿ ಕೆತ್ತಿದ ಸಂಖ್ಯೆ ಇಲ್ಲ; ಅದು ಓಲಾಟದ ವಿಸ್ತಾರದ ಜೊತೆಗೆ ಜಾರುತ್ತದೆ. ಗಿಯೋರ್ಗ್ ಡಫಿಂಗ್ 1918ರಲ್ಲೇ ಇದರ ಮೇಲೊಂದು ಪುಸ್ತಕ ಬರೆದರು. ತನ್ನ ಅಚ್ಚುಮೆಚ್ಚಿನ ಉದಾಹರಣೆಯಲ್ಲೇ ಪಠ್ಯಪುಸ್ತಕ ಎದುರಿಗಿರುವುದನ್ನು ನೋಡಿಲ್ಲ.

ಪಿಟೀಲನ್ನು ತೆಗೆದುಕೊಳ್ಳಿ. ಕಮಾನು ತಂತಿಯ ಮೇಲೆ ಒಂದೇ ವೇಗದಲ್ಲಿ ಸಾಗುತ್ತದೆ. ಅದರಲ್ಲಿ ಷಡ್ಜವೂ ಇಲ್ಲ, ಪಂಚಮವೂ ಇಲ್ಲ. ತಂತಿ ಕಮಾನಿಗೆ ಅಂಟಿಕೊಂಡು ಅದರ ಜೊತೆ ಸರಿಯುತ್ತದೆ, ಬಿಗಿತ ಹೆಚ್ಚಾದಾಗ ಜಾರಿ ಹಿಂದಕ್ಕೆ ಬರುತ್ತದೆ, ಮತ್ತೆ ಅಂಟಿಕೊಳ್ಳುತ್ತದೆ. ಸೆಕೆಂಡಿಗೆ ನೂರಾರು ಸಲ. ಸ್ವರವನ್ನು ನಿರ್ಧರಿಸುವುದು ತಂತಿಯ ಉದ್ದ, ತೂಕ ಮತ್ತು ಬಿಗಿತ. ಕಮಾನು ಶಕ್ತಿಯನ್ನಷ್ಟೇ ಕೊಡುತ್ತದೆ. ಸಿ.ವಿ. ರಾಮನ್ ಕಲ್ಕತ್ತೆಯಲ್ಲಿದ್ದಾಗ, ಬೆಳಕಿನ ಚದುರಿಕೆಗೆ ಹೆಸರಾಗುವ ಎಷ್ಟೋ ಮೊದಲು, ಇದೇ ವಿಷಯದ ಮೇಲೆ ವರ್ಷಗಟ್ಟಲೆ ದುಡಿದರು. ಕಮಾನಿಗೆ ಮಣಿಯದೆ ಗುರುಗುಟ್ಟುವ ತೋಳಸ್ವರದ ಬಗ್ಗೆ 1916ರಲ್ಲಿ ‘ನೇಚರ್’ಗೆ ಬರೆದರು, ಕಮಾನಿನ ತಂತಿಗಳ ಕಂಪನದ ಬಗ್ಗೆ 1918ರಲ್ಲಿ ದೊಡ್ಡ ಪ್ರಬಂಧವನ್ನೇ ಪ್ರಕಟಿಸಿದರು. 1933ರಲ್ಲಿ ಅವರು ಬೆಂಗಳೂರಿಗೆ ಬಂದು ನೆಲೆಸಿದರು. ಆ ಊರಿನ ತರಗತಿಗಳಲ್ಲಿ ರಾಮನ್ ಪರಿಣಾಮದ ಹೆಸರು ಹೇಳದ ದಿನವಿಲ್ಲ. ಸಮನಾದ ಎಳೆತದಿಂದ ಲಯ ಹೇಗೆ ಹುಟ್ಟುತ್ತದೆಂದು ಅವರು ತೋರಿಸಿದ ಕೆಲಸ ಮಾತ್ರ ಪಾಠದೊಳಗೆ ಬರಲೇ ಇಲ್ಲ.

ತಪ್ಪಾದ ವಿವರಣೆಯಿಂದ ಏನು ನಷ್ಟ ಎಂದು ಕೇಳುವವರಿದ್ದಾರೆ. ವಿವರಣೆ ತಪ್ಪಾದರೆ ಮದ್ದೂ ತಪ್ಪುತ್ತದೆ. ಅನುರಣನ ಎಂದು ನಂಬಿದವರು ಆವೃತ್ತಿಗಳನ್ನು ಬೇರೆ ಮಾಡಲು ಹೊರಡುತ್ತಾರೆ. ಹಳೆಯ ಕಥೆಯಿದೆ: 1831ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಬ್ರಾಟನ್ ತೂಗುಸೇತುವೆ ಸೈನಿಕರ ಕವಾಯತಿಗೆ ಕುಸಿಯಿತು, ಅಂದಿನಿಂದ ಸೇತುವೆಯ ಮೇಲೆ ಹೆಜ್ಜೆ ಮುರಿದು ನಡೆಯಬೇಕೆಂಬ ಆಜ್ಞೆ ಬಂತು. ಅಲ್ಲಿ ಒಂದು ಬೋಲ್ಟು ಮೊದಲೇ ಕೆಟ್ಟಿತ್ತು ಎಂಬುದನ್ನು ಕಥೆ ಹೇಳುವವರು ಬಿಟ್ಟುಬಿಡುತ್ತಾರೆ. 1850ರಲ್ಲಿ ಫ್ರಾನ್ಸಿನ ಆಂಜೆಯ ತೂಗುಸೇತುವೆಯ ಮೇಲೆ ಸೈನಿಕರಿಗೆ ಹೆಜ್ಜೆ ಮುರಿಯಲು ಹೇಳಿಯೇ ಇತ್ತು. ಬಿರುಗಾಳಿ ಬೀಸುತ್ತಿತ್ತು, ಹಾಸು ಓಲಾಡುತ್ತಿತ್ತು, ಲಂಗರಿನ ತಂತಿಗಳು ತುಕ್ಕು ಹಿಡಿದಿದ್ದವು. ಸೇತುವೆ ಕುಸಿದು ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಓಲಾಡುವ ನೆಲದ ಮೇಲೆ ಬೀಳದಿರಲು ಮನುಷ್ಯನ ದೇಹ ತಾನಾಗಿಯೇ ನೆಲದ ಲಯಕ್ಕೆ ಒಗ್ಗುತ್ತದೆ. ಅದನ್ನು ಯಾವ ಆಜ್ಞೆಯೂ ತಡೆಯದು.

ಲಂಡನ್ನಿನ ಮಿಲೇನಿಯಮ್ ಸೇತುವೆ ಇದನ್ನು ನಮ್ಮ ಕಾಲದಲ್ಲೇ ತೋರಿಸಿತು. 2000ದ ಜೂನ್ 10ರಂದು ತೆರೆದರು, ಎರಡೇ ದಿನಕ್ಕೆ ಮುಚ್ಚಿದರು. ನಡೆಯುವವರ ಕಾಲಡಿಯಲ್ಲಿ ಅದು ಅಡ್ಡಡ್ಡ ಓಲಾಡಿತು. ನಡೆಯುವವರ ಹೆಜ್ಜೆಯಿಂದ ಮೇಲೆ ಕೆಳಗೆ ಬೀಳುವ ಬಲವನ್ನು ಎಂಜಿನಿಯರುಗಳು ಲೆಕ್ಕ ಹಾಕಿದ್ದರು. ಪಕ್ಕಕ್ಕೆ ಬೀಳುವ ಸಣ್ಣ ಬಲ, ಯಾರೂ ಹೆಜ್ಜೆ ಕೂಡಿಸದ ಗುಂಪಿನಲ್ಲಿ ಒಂದಕ್ಕೊಂದು ಕಳೆದುಹೋಗುತ್ತದೆ ಎಂದು ಬಿಟ್ಟಿದ್ದರು. ಗದ್ದಲ ತಾನೇ, ಸೊನ್ನೆ! ಆಮೇಲೆ ಸೇತುವೆಯ ಮೇಲೆ ಜನರನ್ನು ನಡೆಸಿ ಪರೀಕ್ಷಿಸಿದಾಗ ಒಂದು ಭಾಗದಲ್ಲಿ ಸುಮಾರು 160 ಜನರವರೆಗೆ ಏನೂ ಆಗಲಿಲ್ಲ. ಅದರ ಮೇಲೆ ಕೆಲವರು ಸೇರಿದ್ದೇ ತಡ, ಓಲಾಟ ದಿಢೀರನೆ ಏರಿತು. ಅನುರಣನ ಹೀಗೆ ವರ್ತಿಸುವುದಿಲ್ಲ. ಬಡಿಯುವವರು ಹೆಚ್ಚಿದಂತೆ ಅದು ಮೆಲ್ಲಮೆಲ್ಲನೆ ಹೆಚ್ಚಬೇಕು. ಹೊಸ್ತಿಲು ದಾಟಿದಾಗ ಏಳುವುದು ಋಣ ಡ್ಯಾಂಪಿಂಗಿನ ಗುರುತು.

2005ರಲ್ಲಿ ಸ್ಟೀವನ್ ಸ್ಟ್ರೊಗಾಟ್ಸ್ ಮತ್ತು ಸಂಗಡಿಗರು ಜನರ ಹೆಜ್ಜೆಗಳು ತಾವಾಗಿ ಹೊಂದಿಕೊಂಡದ್ದೇ ಕಾರಣ ಎಂಬ ಚಂದದ ಸಿದ್ಧಾಂತ ಕಟ್ಟಿದರು. ಲೋಕ ಅದನ್ನು ಒಡನೆಯೇ ಅಪ್ಪಿಕೊಂಡಿತು, ಯಾಕೆಂದರೆ ಅದರಲ್ಲಿ ಮತ್ತೆ ಹೆಜ್ಜೆಯ ಲಯ ಸಿಕ್ಕಿತ್ತು. 2021ರಲ್ಲಿ ಇಗೋರ್ ಬೆಲಿಖ್ ಮತ್ತಿತರರು ತೋರಿಸಿದ್ದು ಬೇರೆ. ಹೆಜ್ಜೆಗಳು ಕೂಡಲೇಬೇಕಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಗತಿಯಲ್ಲಿ ನಡೆಯುತ್ತ, ಓಲಾಡುವ ನೆಲದ ಮೇಲೆ ಬೀಳದಂತೆ ಕಾಲನ್ನು ಅಷ್ಟಿಷ್ಟು ಪಕ್ಕಕ್ಕೆ ಇಡುತ್ತಿದ್ದರೂ ಸಾಕು. ಆ ಸಾವರಿಸಿಕೊಳ್ಳುವಿಕೆಯೇ ಸೇತುವೆಗೆ ಶಕ್ತಿ ತುಂಬುತ್ತದೆ. ಹೊಂದಾಣಿಕೆ ಕಂಡುಬಂದರೆ ಅದು ಓಲಾಟದ ಫಲವಾಗಿರಬಹುದು, ಕಾರಣ ಆಗಿರಬೇಕಿಲ್ಲ. ಯಾರೊಬ್ಬರೂ ತಾಳ ಹಾಕದೆ ಸೇತುವೆ ಕುಣಿಯಬಲ್ಲದು. ಅಂತೂ ಸೇತುವೆಯನ್ನು ನಿಲ್ಲಿಸಿದ್ದು ಡ್ಯಾಂಪರುಗಳು, ಶಕ್ತಿ ಹೀರುವ 37 ದ್ರವ ಡ್ಯಾಂಪರುಗಳು ಮತ್ತು 50ಕ್ಕೂ ಹೆಚ್ಚು ತೂಕದ ಡ್ಯಾಂಪರುಗಳು. ಸುಮಾರು 50 ಲಕ್ಷ ಪೌಂಡು ಖರ್ಚಾಯಿತು, 2002ರ ಫೆಬ್ರುವರಿಯಲ್ಲಿ ಮತ್ತೆ ತೆರೆಯಿತು.

ಗದ್ದಲಕ್ಕೆ ಆಗಿರುವ ಅನ್ಯಾಯ ಇನ್ನೂ ದೊಡ್ಡದು.

1927ರಲ್ಲಿ ಹಾಲೆಂಡಿನ ಬಾಲ್ತಸಾರ್ ವ್ಯಾನ್ ಡರ್ ಪೋಲ್ ಮತ್ತು ವ್ಯಾನ್ ಡರ್ ಮಾರ್ಕ್ ನಿಯಾನ್ ದೀಪದ ಒಂದು ವಿದ್ಯುತ್ ಮಂಡಲವನ್ನು ಹೊರಗಿನ ಸಂಕೇತದಿಂದ ನಡೆಸುತ್ತಿದ್ದರು. ಮಂಡಲ ಹೊರಗಿನ ಆವೃತ್ತಿಯ ಅರ್ಧಕ್ಕೆ, ಮೂರನೇ ಒಂದಕ್ಕೆ, ನಾಲ್ಕನೇ ಒಂದಕ್ಕೆ ಮೆಟ್ಟಿಲಿಳಿದ ಹಾಗೆ ಜಿಗಿಯುತ್ತಿತ್ತು. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಇಳಿಯುವ ಮೊದಲು ಕಿವಿಗಿಟ್ಟ ಟೆಲಿಫೋನ್ ರಿಸೀವರಿನಲ್ಲಿ ಅಡ್ಡಾದಿಡ್ಡಿ ಸದ್ದು ಕೇಳಿಸಿತು. ಅವರು ಅದನ್ನು ಬರೆದಿಟ್ಟರು, ಅದೇನೂ ಮುಖ್ಯವಲ್ಲ ಎಂದೂ ಬರೆದರು. ಇಂದು ನಾವು ಅಸ್ತವ್ಯಸ್ತ ಆಂದೋಲನ ಅಥವಾ ಕೇಯಾಸ್ ಎಂದು ಕರೆಯುವುದು ಆ ಕಿವಿಯೊಳಗೆ ಗುನುಗಿತ್ತು. ಮೂವತ್ತನಾಲ್ಕು ವರ್ಷದ ಮೇಲೆ, 1961ರಲ್ಲಿ, ಕ್ಯೋಟೊದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಯೋಶಿಸುಕೆ ಉಏಡಾ ಅನಲಾಗ್ ಕಂಪ್ಯೂಟರಿನಲ್ಲಿ ಅದನ್ನೇ ಕಂಡರು. ಮಾನ್ಯತೆ ಸಿಗಲು ಅವರೂ ವರ್ಷಗಟ್ಟಲೆ ಕಾಯಬೇಕಾಯಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನ ರೇಡಿಯೋ ಎಂಜಿನಿಯರುಗಳಿಗೆ ಇಂಥದೇ ಸಮೀಕರಣಗಳು ಎದುರಾದಾಗ ನೆರವಿಗೆ ಬಂದವರು ಗಣಿತಜ್ಞರಾದ ಮೇರಿ ಕಾರ್ಟ್‌ರೈಟ್ ಮತ್ತು ಲಿಟಲ್‌ವುಡ್. ಉಪಕರಣ ಕೆಟ್ಟಿಲ್ಲ, ಸಮೀಕರಣದ ಸ್ವಭಾವವೇ ಹಾಗೆ ಎಂದು ಗಣಿತ ತೋರಿಸಿತು. ಅಂದರೆ ಲಯ ಮಾತ್ರವಲ್ಲ, ಗದ್ದಲವೂ ಒಳಗಿನಿಂದಲೇ ಹುಟ್ಟಬಲ್ಲದು. ಹೊರಗಿನ ಕಸ ಎಂದು ಗುಡಿಸಿಹಾಕಿದ್ದರಲ್ಲಿ ಒಂದು ವಿಜ್ಞಾನವೇ ಇತ್ತು.

ಇನ್ನು ಹೊರಗಿನ ನಿಜವಾದ ಗದ್ದಲ. ಹಳೆಯ ಕಿರಾಣಿ ಅಂಗಡಿಯಲ್ಲಿ ಶೆಟ್ಟರು ತಕ್ಕಡಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ತಟ್ಟದಿದ್ದರೆ ಮುಳ್ಳು ಎಲ್ಲೋ ಸಿಕ್ಕಿಕೊಂಡು ನಿಲ್ಲುತ್ತದೆ, ಸಣ್ಣ ವ್ಯತ್ಯಾಸವನ್ನು ತೋರಿಸುವುದಿಲ್ಲ. ತಟ್ಟಿದ ನಡುಕದಲ್ಲಿ ತೂಕದ ಮಾಹಿತಿ ಕಿಂಚಿತ್ತೂ ಇಲ್ಲ, ಆದರೂ ಆ ನಡುಕ ತೂಕವನ್ನು ಹೊರಗೆಡವುತ್ತದೆ. 1981ರಲ್ಲಿ ಇಟಲಿಯ ರೊಬೆರ್ತೊ ಬೆಂಜಿ, ಆಲ್ಫೊನ್ಸೊ ಸುತೇರಾ, ಆಂಜೆಲೊ ವುಲ್ಪಿಯಾನಿ ಇದೇ ಮಾತನ್ನು ಗಣಿತದಲ್ಲಿ ಹೇಳಿದರು. ಎರಡು ತಗ್ಗುಗಳು, ನಡುವೆ ಒಂದು ದಿಬ್ಬ, ಒಂದು ತಗ್ಗಿನಲ್ಲಿ ಗೋಲಿ. ಇಡೀ ನೆಲ ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ನಿಯತವಾಗಿ ವಾಲುತ್ತದೆ. ಆದರೆ ಆ ವಾಲುವಿಕೆ ತೀರ ಸಣ್ಣದು. ಗೋಲಿ ದಿಬ್ಬ ಹತ್ತಲಾರದು. ಈಗ ನೆಲವನ್ನು ಅಡ್ಡಾದಿಡ್ಡಿ ಅಲುಗಿಸಿ. ತೀರ ಕಡಿಮೆ ಅಲುಗಿಸಿದರೆ ಗೋಲಿ ಇದ್ದಲ್ಲೇ ಇರುತ್ತದೆ. ಅತಿಯಾದರೆ ಎಲ್ಲೆಂದರಲ್ಲಿ ಹಾರುತ್ತದೆ. ನಡುವೆ ಒಂದು ಹದವಿದೆ. ಆ ಹದದಲ್ಲಿ ಗೋಲಿ ಸಣ್ಣ ವಾಲುವಿಕೆಯ ಲಯಕ್ಕೇ ಆಚೆಯಿಂದ ಈಚೆಗೆ ದಾಟತೊಡಗುತ್ತದೆ. ಇದನ್ನು ಗದ್ದಲದ ಅನುರಣನ ಎನ್ನಬಹುದು. ಇಂಗ್ಲಿಷಿನಿಂದ ಬಂದ ಹೆಸರು ಸ್ಟೊಕಾಸ್ಟಿಕ್ ರೆಸೊನೆನ್ಸ್.

ಅವರು ಹೊರಟದ್ದು ಹಿಮಯುಗಗಳನ್ನು ವಿವರಿಸಲು. ಭೂಮಿಯ ಕಕ್ಷೆಯ ಆಕಾರ ಸುಮಾರು ಒಂದು ಲಕ್ಷ ವರ್ಷದ ಆವರ್ತದಲ್ಲಿ ಬದಲಾಗುತ್ತದೆ. ಅದರಿಂದ ವರ್ಷವಿಡೀ ಸಿಗುವ ಬಿಸಿಲಿನಲ್ಲಿ ಆಗುವ ವ್ಯತ್ಯಾಸ ಶೇಕಡಾ ಒಂದರ ಹತ್ತನೇ ಒಂದು ಭಾಗದಷ್ಟು. ಅಷ್ಟು ಸಣ್ಣ ತಳ್ಳುವಿಕೆಗೆ ಇಷ್ಟು ದೊಡ್ಡ ಹಿಮಯುಗ ಹೇಗೆ? ನಡುವೆ ಹವಾಮಾನದ ಗದ್ದಲ ಕೈಜೋಡಿಸಿದರೆ ಸಾಧ್ಯ ಎಂದರು. ಬೆಲ್ಜಿಯಮ್ಮಿನ ಕ್ಯಾಥರೀನ್ ನಿಕೊಲಿಸ್ ಅದೇ ಹೊತ್ತಿಗೆ ಬೇರೆಯಾಗಿಯೇ ಅದೇ ಜಾಗಕ್ಕೆ ಬಂದಿದ್ದರು. ಮುಂದಿನ ವರ್ಷ ಬೆಂಜಿಯವರ ಪ್ರಬಂಧಕ್ಕೆ ಜೊತೆಯಾದವರು ಜಾರ್ಜೊ ಪರಿಸಿ, 2021ರ ನೊಬೆಲ್ ಪುರಸ್ಕೃತರು. ಹಿಮಯುಗದ ಆ ವಿವರಣೆ ಇಂದು ಪೂರ್ತಿ ಒಪ್ಪಿತವಾಗಿಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅದರೊಳಗಿನ ತತ್ವ ಪ್ರಯೋಗಶಾಲೆಯಲ್ಲಿ ಗಟ್ಟಿಯಾಗಿ ನಿಂತಿತು: 1983ರಲ್ಲಿ ಫ್ರಾನ್ಸಿನಲ್ಲಿ ಒಂದು ಸಾಮಾನ್ಯ ಎಲೆಕ್ಟ್ರಾನಿಕ್ ಮಂಡಲದಲ್ಲಿ, 1988ರಲ್ಲಿ ಅಮೆರಿಕದಲ್ಲಿ ಉಂಗುರಾಕಾರದ ಲೇಸರಿನಲ್ಲಿ. 1993ರಲ್ಲಿ ಫ್ರಾಂಕ್ ಮಾಸ್ ಅವರ ಗುಂಪು ಸಿಹಿನೀರಿನ ಕ್ರೇಫಿಶ್ ಸೀಗಡಿಯ ಬಾಲದ ಸಂವೇದಿ ರೋಮಗಳ ನರಕೋಶದಲ್ಲಿ ಅದನ್ನೇ ಕಂಡಿತು. ನೀರಿನ ಕ್ಷೀಣ ಅಲುಗಾಟಕ್ಕೆ ಹದವಾದ ಗದ್ದಲ ಬೆರೆಸಿದಾಗ ನರದ ಉತ್ತರ ಹೆಚ್ಚು ಸ್ಪಷ್ಟವಾಯಿತು. 1999ರಲ್ಲಿ ಪ್ಯಾಡಲ್‌ಫಿಶ್ ಮೀನು ತನ್ನ ಸುತ್ತಲಿನ ನೀರಿನಲ್ಲಿ ಹದವಾದ ವಿದ್ಯುತ್ ಗದ್ದಲವಿದ್ದಾಗ ಇನ್ನೂ ದೂರದ ಆಹಾರವನ್ನು ಹಿಡಿಯಬಲ್ಲದೆಂದು ಗೊತ್ತಾಯಿತು.

ವಿಮಾನದಲ್ಲಿ ಕೂತವರಿಗೂ ಗದ್ದಲದ ಋಣವಿದೆ. ದಿಕ್ಕು ತೋರಿಸುವ ರಿಂಗ್ ಲೇಸರ್ ಜೈರೊಸ್ಕೋಪಿನಲ್ಲಿ ಎರಡು ಬೆಳಕಿನ ಕಿರಣಗಳು ಎದುರುಬದುರಾಗಿ ಸುತ್ತುತ್ತವೆ. ತಿರುಗುವಿಕೆ ತೀರ ನಿಧಾನವಾದಾಗ ಎರಡೂ ಒಂದೇ ಆವೃತ್ತಿಗೆ ಅಂಟಿಕೊಳ್ಳುತ್ತವೆ, ಉಪಕರಣ ಕುರುಡಾಗುತ್ತದೆ. ಆ ಅಂಟನ್ನು ಬಿಡಿಸಲು ಇಡೀ ಉಪಕರಣವನ್ನು ಬೇಕೆಂದೇ ನಡುಗಿಸುತ್ತಾರೆ, ಆ ನಡುಕದೊಳಗೂ ಅಡ್ಡಾದಿಡ್ಡಿತನವನ್ನು ಬೆರೆಸುತ್ತಾರೆ. ಶಬ್ದವನ್ನು ಡಿಜಿಟಲ್ ಮಾಡುವವರೂ ಸಣ್ಣ ಸ್ವರಗಳು ಕತ್ತರಿಸಿಹೋಗದಂತೆ ಗದ್ದಲವನ್ನು ಸೇರಿಸುತ್ತಾರೆ. ಕಾಲಿನ ಸ್ಪರ್ಶ ಮಂಕಾದ ವೃದ್ಧರಿಗೆ ಅರಿವಿಗೇ ಬಾರದಷ್ಟು ಕಂಪಿಸುವ ಪಾದರಕ್ಷೆಯ ಹಾಸು ಕೊಟ್ಟು, ನಿಂತಾಗ ತೂರಾಡುವುದು ಕಡಿಮೆಯಾಯಿತೆಂದು 2003ರಲ್ಲಿ ಜೇಮ್ಸ್ ಕಾಲಿನ್ಸ್ ಅವರ ಗುಂಪು ತೋರಿಸಿತು. ಗದ್ದಲ ಎಂದರೆ ಸೋಸಿ ಎಸೆಯಬೇಕಾದ್ದು ಎಂದಷ್ಟೇ ಕಲಿತ ವಿದ್ಯಾರ್ಥಿಗೆ ಇವುಗಳಲ್ಲಿ ಒಂದನ್ನೂ ಊಹಿಸುವ ಶಕ್ತಿ ಉಳಿಯುವುದಿಲ್ಲ.

ಎಲ್ಲ ಗದ್ದಲವೂ ಒಳ್ಳೆಯದೆಂದು ನಾನು ವಾದಿಸುತ್ತಿಲ್ಲ. ಸಂಕೇತ ಹೊಸ್ತಿಲಿಗಿಂತ ಮೇಲಿದ್ದರೆ ಗದ್ದಲ ಅದನ್ನು ಕೆಡಿಸುವುದೇ ಹೆಚ್ಚು. ಹೊಸ್ತಿಲೇ ಇಲ್ಲದ ರೇಖೀಯ ವ್ಯವಸ್ಥೆಯಲ್ಲಿ ಗದ್ದಲದಿಂದ ಲಾಭವಿಲ್ಲ. ಅನುರಣನವೂ ಸುಳ್ಳಲ್ಲ, ರೇಡಿಯೊ ಸ್ಟೇಷನ್ ಹಿಡಿಯುವುದು ಅದರಿಂದಲೇ, ಆಸ್ಪತ್ರೆಯ ಎಂಆರ್‌ಐ ನಡೆಯುವುದು ಅದರಿಂದಲೇ. ಟಕೋಮಾ ಸೇತುವೆ ಮೊದಲ ತಿಂಗಳುಗಳಲ್ಲಿ ಮೇಲೆ ಕೆಳಗೆ ಅಲೆಯಾಡಿದ್ದರಲ್ಲಿ ಸುಳಿಗಳ ಪಾತ್ರವೂ ಇದ್ದಿರಬಹುದು. ಅಲ್ಲಿ ಕೂಡ ಹಾಸು ಅಲುಗತೊಡಗಿದ ಮೇಲೆ ಸುಳಿಗಳು ಹಾಸಿನ ಲಯವನ್ನು ಹಿಡಿಯುತ್ತವೆ. ನನ್ನ ತಕರಾರು ಒಂದು ಉಪಕರಣವನ್ನೇ ಇಡೀ ಕಾರ್ಯಾಗಾರ ಎಂದು ಮಕ್ಕಳಿಗೆ ನಂಬಿಸುವುದರ ಮೇಲೆ.

ಮಕ್ಕಳಿಗೆ ಸರಳವಾದದ್ದನ್ನು ಮೊದಲು ಹೇಳಬೇಕು, ಉಳಿದದ್ದು ಮುಂದೆ ಎನ್ನುತ್ತಾರೆ ಅನುಭವಿ ಅಧ್ಯಾಪಕರು. ಹದಿನೇಳು ವರ್ಷದ ಹುಡುಗಿಗೆ ಸಮೀಕರಣ ಬಿಡಿಸಲು ಬಾರದಿರಬಹುದು, ಜೋಕಾಲಿ ಜೀಕಲು ಬರುತ್ತದೆ. ಜೀಕುವುದನ್ನು ಬಿಟ್ಟು ತೂಗುವುದನ್ನು ಮಾತ್ರ ಉದಾಹರಣೆಯಾಗಿ ಕೊಡುವುದರಲ್ಲಿ ಯಾವ ಸರಳತೆಯಿದೆ? ಆ ಮುಂದಿನ ಪಾಠವೂ ಬಹುಪಾಲು ಮಂದಿಗೆ ಬರುವುದೇ ಇಲ್ಲ. ಪದವಿ ಮುಗಿಸಿ, ಎಂಜಿನಿಯರುಗಳಾಗಿ, ಆಡಳಿತಗಾರರಾಗಿ, ಪತ್ರಕರ್ತರಾಗಿ ಅವರು ಹೊರಗೆ ಹೋಗುತ್ತಾರೆ. ಗೋಪುರ ಅಲುಗಿದರೆ, ಯಂತ್ರ ನಡುಗಿದರೆ, ಮೊದಲ ದಿನವೇ ಅನುರಣನ ಎಂದು ಹೇಳಿಕೆ ಕೊಡುತ್ತಾರೆ. ಆ ಪದ ಉಚ್ಚರಿಸಿದ ಮೇಲೆ ಯಾರೂ ಮುಂದೆ ಹುಡುಕುವುದಿಲ್ಲ. ಡ್ಯಾಂಪಿಂಗ್ ಎಷ್ಟಿತ್ತು, ಶಕ್ತಿ ಎಲ್ಲಿಂದ ಬಂತು, ಆ ಬಲ ಓಲಾಟವನ್ನು ಅವಲಂಬಿಸಿತ್ತೇ ಎಂಬ ಪ್ರಶ್ನೆಗಳು ಏಳುವುದೇ ಇಲ್ಲ.

ಪಾಠ ಮಾಡುವವರಲ್ಲಿ ನನ್ನ ಕೋರಿಕೆ ಇಷ್ಟೇ. ಆ ಚಿತ್ರವನ್ನು ತೋರಿಸಿ, ಅದಕ್ಕಿಂತ ಒಳ್ಳೆಯದು ಇಲ್ಲ. ಮುಗಿದ ಮೇಲೆ ವಾಕ್ಯ ಹೇಳಬೇಡಿ, ಪ್ರಶ್ನೆ ಕೇಳಿ: ಗಾಳಿ ಸಮನಾಗಿ ಬೀಸುತ್ತಿತ್ತು, ಲಯ ಎಲ್ಲಿಂದ ಬಂತು? ಒಂದು ತರಗತಿ ಪೂರ್ತಿ ಅವರು ಅದರಲ್ಲೇ ಕಳೆಯಲಿ. ಯಾರಾದರೂ ಜೋಕಾಲಿಯನ್ನೋ ಪಿಟೀಲನ್ನೋ ನೆನಪಿಸಿಕೊಂಡೇ ತೀರುತ್ತಾರೆ.

ಟಕೋಮಾದಲ್ಲಿ ಇದು ಕಾಗದದ ಚರ್ಚೆಯಾಗಿ ಉಳಿಯಲಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಎಫ್.ಬಿ. ಫರ್ಕ್ವಾರ್‌ಸನ್ ಸೇತುವೆಯ ಮಾದರಿಯನ್ನು ಗಾಳಿಗೊಡ್ಡಿ ಪರೀಕ್ಷಿಸುತ್ತಿದ್ದರು. ಸೇತುವೆ ಬೀಳುವುದಕ್ಕೆ ಐದು ದಿನ ಮೊದಲು ಅವರು ಮುಟ್ಟಿದ್ದ ತೀರ್ಮಾನ: ಬದಿಯ ತಟ್ಟೆಗಳಲ್ಲಿ ಗಾಳಿ ಹಾಯುವಂತೆ ತೂತು ಕೊರೆಯಬೇಕು, ಇಲ್ಲವೇ ಗಾಳಿ ಜಾರಿಹೋಗುವ ಆಕಾರ ಕೊಡಬೇಕು. ಕೆಲಸ ಶುರುವಾಗುವ ಮೊದಲೇ ಸೇತುವೆ ಹೋಯಿತು. ಅದೇ ಜಾಗದಲ್ಲಿ, ಅದೇ 2800 ಅಡಿಯ ಅಂತರಕ್ಕೆ ಕಟ್ಟಿದ ಹೊಸ ಸೇತುವೆ 1950ರ ಅಕ್ಟೋಬರ್ 14ರಂದು ತೆರೆಯಿತು. ತಟ್ಟೆಗಳ ಬದಲು 33 ಅಡಿ ಆಳದ ಜಾಲರಿ ತೊಲೆಗಳು, ರಸ್ತೆಯ ಸಾಲುಗಳ ನಡುವೆ ಗಾಳಿ ಹಾಯಲು ಬಿಟ್ಟ ಉಕ್ಕಿನ ಜಾಲಂಧ್ರ. ಅದರ ಮೇಲೆ ಇಂದಿಗೂ ವಾಹನಗಳು ಓಡುತ್ತಿವೆ.